ನುಡಿ ಸಮಾಧಾನ: ಕುಂಟುವುದು, ತೆವಳುವುದು, ದೇಕುವುದು

ನಡಿಗೆಯ ಕಷ್ಟವನ್ನು ಹೇಳುವ ಮಾತುಗಳ ಬಗ್ಗೆ ಓದುಗರು ಬೇರೆ ಬೇರೆ ಸಮಯದಲ್ಲಿ ಕೇಳಿದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಕಥೆಗಳನ್ನು ಬರೆಯುತ್ತೇನೆ. ಈಗ ಬರೆಯುತ್ತಿರುವ ಕಥೆಯಲ್ಲಿ ವಯಸ್ಸಾದ ರೈತರೊಬ್ಬರು ದೊಡ್ಡ ಮಳೆ ನಿಂತ ಮೇಲೆ ಹೊಲದಿಂದ ಮನೆಗೆ ನಡೆದು ಬರುತ್ತಾರೆ. ಎಷ್ಟು ಸಲ ತಿದ್ದಿದರೂ ‘ಕಷ್ಟಪಟ್ಟು ನಡೆದರು’, ‘ಪ್ರಯಾಸದಿಂದ ಹೆಜ್ಜೆ ಹಾಕಿದರು’ ಎಂಬ ವಾಕ್ಯಗಳೇ ಬರುತ್ತವೆ. ಕನ್ನಡದಲ್ಲಿ ಇದಕ್ಕೆ ಬೇರೆ ಮಾತುಗಳಿಲ್ಲವೇ? (ಓದುಗರು, ತುಮಕೂರು)

ಉತ್ತರ: ಧಾರಾಳವಾಗಿ ಇವೆ. ಆದರೆ ಅವುಗಳಲ್ಲಿ ಒಂದನ್ನು ಆರಿಸುವ ಮೊದಲು ನಿಮ್ಮ ರೈತರ ಕಷ್ಟ ಎಲ್ಲಿದೆ ಎಂಬುದನ್ನು ನೀವು ನಿರ್ಧರಿಸಬೇಕು. ನೆಲದಲ್ಲಿದೆಯೇ, ಕಾಲಿನಲ್ಲಿದೆಯೇ, ಉಸಿರಿನಲ್ಲಿದೆಯೇ, ಮನಸ್ಸಿನಲ್ಲಿದೆಯೇ? ‘ಕಷ್ಟಪಟ್ಟು ನಡೆದರು’ ಎಂಬ ವಾಕ್ಯ ಸಪ್ಪೆಯಾಗುವುದಕ್ಕೆ ಕಾರಣ, ಅದು ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಮುಂದೆ ಹೋಗಿರುತ್ತದೆ. ಕನ್ನಡದ ಕ್ರಿಯಾಪದಗಳು ಹಾಗೆ ಮುಂದೆ ಹೋಗಲು ಬಿಡುವುದಿಲ್ಲ. ಅವುಗಳಲ್ಲಿ ಒಂದೊಂದೂ ದೇಹದ ಯಾವ ಭಾಗ ಸೋತಿದೆ ಎಂಬುದನ್ನು ಹೇಳಿಯೇ ಹೇಳುತ್ತದೆ.

ಮೊದಲು ನೆಲ. ಹೊಲ ಎರೆಮಣ್ಣಿನದಾಗಿದ್ದರೆ, ನೆನೆದ ಜೇಡಿ ಉಬ್ಬಿ ಪಾದಕ್ಕೆ ಮೆತ್ತಿಕೊಳ್ಳುತ್ತದೆ, ಹೆಜ್ಜೆಯಿಂದ ಹೆಜ್ಜೆಗೆ ಕಾಲು ಭಾರವಾಗುತ್ತಾ ಹೋಗುತ್ತದೆ. ಅಲ್ಲಿ ನಡೆಯುವವರು ಹೆಜ್ಜೆಯನ್ನು ‘ಇಡುವುದಿಲ್ಲ’, ‘ಕಿತ್ತಿಡುತ್ತಾರೆ’. ‘ಒಂದೊಂದೇ ಹೆಜ್ಜೆ ಕಿತ್ತಿಡುತ್ತಾ ಬಂದರು’ ಎಂದು ಬರೆದ ಕೂಡಲೇ ಕೆಸರನ್ನು ಬೇರೆಯಾಗಿ ವರ್ಣಿಸುವ ಅಗತ್ಯವೇ ಉಳಿಯುವುದಿಲ್ಲ. ನಾಟಿಗೆ ಸಿದ್ಧಮಾಡಿದ ಭತ್ತದ ಗದ್ದೆಯಾದರೆ ಕಾಲು ‘ಹೂತುಹೋಗುತ್ತದೆ’, ಅಥವಾ ‘ಹುಗಿಯುತ್ತದೆ’. ನಿಮ್ಮ ತುಮಕೂರಿನ ಕಡೆಯ ಕೆಂಪುಮಣ್ಣಿನ ದಾರಿಯಾದರೆ ಕಷ್ಟ ಬಹುಮಟ್ಟಿಗೆ ಜಾರುವುದರದ್ದು; ಅಲ್ಲಿ ಮನುಷ್ಯ ಹೆಬ್ಬೆರಳನ್ನು ನೆಲಕ್ಕೆ ಒತ್ತಿ, ‘ಕಾಲೂರಿ ಕಾಲೂರಿ’ ನಡೆಯುತ್ತಾನೆ. ಮೂರೂ ಮಳೆಯ ನಂತರದ ನಡಿಗೆಗಳೇ, ಆದರೆ ಮೂರು ಮಣ್ಣಿಗೆ ಮೂರು ಮಾತು.

ಕಷ್ಟ ಕಾಲಿನಲ್ಲಿದ್ದರೆ ಎರಡು ಮುಖ್ಯ ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ‘ಕುಂಟು’ ಎಂದರೆ ಎರಡು ಕಾಲುಗಳ ನಡುವಿನ ಹೊಂದಾಣಿಕೆ ತಪ್ಪಿರುವುದು: ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಲಾರದೆ ಅದನ್ನು ಬೇಗನೆ ಎತ್ತಿ ಇನ್ನೊಂದರ ಮೇಲೆ ಬೀಳುವ ನಡಿಗೆ ಅದು. ಮುಳ್ಳು ತುಳಿದವರು, ಅಂಗಾಲಿನಲ್ಲಿ ಆಣಿ ಆದವರು, ಹೊಸ ಚಪ್ಪಲಿ ಕಚ್ಚಿದವರು ಕುಂಟುತ್ತಾರೆ. ‘ಕಾಲೆಳೆ’ ಎಂಬುದು ಬೇರೆ. ಅಲ್ಲಿ ಕಾಲು ನೆಲಬಿಟ್ಟು ಮೇಲೇಳುವುದೇ ಇಲ್ಲ, ಚಪ್ಪಲಿಯ ಸದ್ದು ಮೊದಲು ಕೇಳಿ ಮನುಷ್ಯ ಆಮೇಲೆ ಕಾಣುತ್ತಾನೆ. ಈ ಮಾತಿಗೆ ಈಚೆಗೆ ಹಾಸ್ಯ ಮಾಡುವುದೆಂಬ ಅರ್ಥ ಬಲವಾಗಿ ಅಂಟಿಕೊಂಡಿರುವುದರಿಂದ ‘ಕಾಲೆಳೆದರು’ ಎಂದು ಬರೆದರೆ ಓದುಗರು ತಪ್ಪು ತಿಳಿಯಬಹುದು. ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಯನ್ನು ಸೇರಿಸಿ ‘ಕಾಲೆಳೆದುಕೊಂಡು ಬಂದರು’ ಎಂದರೆ ಸಂದೇಹ ತೀರುತ್ತದೆ. ಇನ್ನೊಬ್ಬರ ಕಾಲನ್ನು ಎಳೆಯುವುದಕ್ಕೂ ನಮ್ಮ ಕಾಲನ್ನು ನಾವೇ ಎಳೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಈ ಒಂದು ಸಣ್ಣ ಪದ ಕಾಪಾಡುತ್ತದೆ.

ವಯಸ್ಸಾದವರ ನಡಿಗೆಗೆ ‘ಊರು’ ಎಂಬ ಕ್ರಿಯಾಪದದಷ್ಟು ಒಗ್ಗುವ ಮಾತು ಮತ್ತೊಂದಿಲ್ಲ ಎಂದು ನನ್ನ ಅಭಿಪ್ರಾಯ. ಮುಪ್ಪು ಬರುವ ಮೊದಲೇ ಪೂಜಿಸು ಎಂದು ಹೇಳುವ ಬಸವಣ್ಣನವರ ವಚನದಲ್ಲಿ ‘ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ’ ಎಂಬ ಸಾಲು ಬರುತ್ತದೆ. ತೊಡೆಯ ಮೇಲೋ ಮಂಡಿಯ ಮೇಲೋ ಒಂದು ಕೈಯನ್ನು ಒತ್ತಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಏಳುವ ಮುದುಕರನ್ನು ನೋಡಿದವರಿಗೆ 12ನೆಯ ಶತಮಾನದ ಆ ಸಾಲು ಎಷ್ಟು ನಿಖರವೆಂಬುದು ಗೊತ್ತಾಗುತ್ತದೆ. ‘ಊರುಗೋಲು’ ಎಂಬ ಹೆಸರು ಹುಟ್ಟಿದ್ದು ಇದೇ ಕ್ರಿಯೆಯಿಂದ. ತೊಡೆ ಎಂಬ ಅರ್ಥದ ಸಂಸ್ಕೃತದ ‘ಊರು’ ಬೇರೆಯದು; ಊರುಭಂಗದಲ್ಲಿ ಇರುವುದು ಅದು.

ಉಸಿರು ಸೋತಿದ್ದರೆ ‘ಏದುಸಿರು ಬಿಡುತ್ತಾ’, ‘ತೇಕುತ್ತಾ’ ಎಂಬ ಮಾತುಗಳಿವೆ. ಇವು ಹೆಚ್ಚಾಗಿ ಏರುದಾರಿಯವು. ಇವುಗಳ ಪಕ್ಕದಲ್ಲೇ ಇರುವ ‘ದೇಕು’ ಎಂಬ ಮಾತನ್ನು ಈಗಿನ ಬರಹಗಾರರು ಕೈಬಿಟ್ಟಿರುವುದು ನನಗೆ ಬೇಸರದ ಸಂಗತಿ. ಕುಳಿತ ಭಂಗಿಯಲ್ಲೇ ಮೈಯನ್ನು ಎಳೆದುಕೊಂಡು ಮುಂದೆ ಸರಿಯುವುದು ಅದರ ಮೂಲ ಅರ್ಥ. ತೆಲುಗಿನಲ್ಲಿಯೂ ಇದೇ ಪದ ಇದೇ ಅರ್ಥದಲ್ಲಿದೆ. ಅಲ್ಲಿಂದ ಹರಡಿಕೊಂಡು, ಭಾರ ಹೇರಿದ ಗಾಡಿ ದಿಬ್ಬ ಹತ್ತುವುದಕ್ಕೂ ಅದು ಸಲ್ಲುತ್ತದೆ. ‘ತೆವಳು’ ಎಂಬುದು ಇದಕ್ಕಿಂತ ಕೆಳಗಿನ ಮಟ್ಟದ ಚಲನೆ: ಹೊಟ್ಟೆಯೋ ಎದೆಯೋ ನೆಲಕ್ಕೆ ತಾಗಿರುತ್ತದೆ. ತಮಿಳಿನ ‘ತವಳ್’ ಇದರ ಬಂಧು. ಹಾವು ಹುಳುಗಳ ಚಲನೆಗೆ ಕನ್ನಡ ‘ಹರಿ’ ಎಂಬ ಬೇರೆಯದೇ ಪದವನ್ನು ಇಟ್ಟುಕೊಂಡಿದೆ. ಅದರಲ್ಲಿ ಕಷ್ಟದ ಛಾಯೆ ಇಲ್ಲ, ಏಕೆಂದರೆ ಹಾವಿಗೆ ಅದು ಸಹಜ ನಡೆ. ಮನುಷ್ಯ ತೆವಳಿದಾಗ ಮಾತ್ರ ಅದು ಕಷ್ಟ.

ಕೊನೆಯದು ಮನಸ್ಸು. ‘ಅಲ್ಲಿಂದ ಹೊರಡಲು ಕಾಲೇ ಬರಲಿಲ್ಲ’ ಎಂದು ನಾವು ಹೇಳುವಾಗ ಕಾಲಿಗೆ ಏನೂ ಆಗಿರುವುದಿಲ್ಲ. ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ಬರುವ ತಂದೆಗೂ, ಸಾಲ ಕೇಳಲು ಹೊರಟವರಿಗೂ ಕಾಲು ಬರುವುದಿಲ್ಲ. ‘ಹಿಂಜರಿ’, ‘ಹಿಮ್ಮೆಟ್ಟು’ ಎಂಬ ಮಾತುಗಳನ್ನು ಇಂದು ನಾವು ಮನಸ್ಸಿನ ಸ್ಥಿತಿಗೇ ಹೆಚ್ಚಾಗಿ ಬಳಸುತ್ತೇವಾದರೂ ಎರಡರ ಒಳಗೂ ಹಿಂದಕ್ಕೆ ಸರಿಯುವ, ಹಿಂದಕ್ಕೆ ಮೆಟ್ಟುವ ಪಾದಗಳಿವೆ.

ನಿಮ್ಮ ರೈತರ ಬೆಳೆ ಆ ಮಳೆಯಲ್ಲಿ ಕೊಚ್ಚಿಹೋಗಿದೆ ಎಂದಿಟ್ಟುಕೊಳ್ಳೋಣ. ಆಗ ಮಣ್ಣೂ ಮಂಡಿಯೂ ಮನಸ್ಸೂ ಸೇರಿ ಅವರನ್ನು ಹಿಡಿದು ನಿಲ್ಲಿಸುತ್ತಿರುತ್ತವೆ. ‘ಬದುವಿನವರೆಗೆ ಹೆಜ್ಜೆ ಕಿತ್ತಿಡುತ್ತಾ ಬಂದ ಅವರಿಗೆ ಗಟ್ಟಿ ನೆಲ ಸಿಕ್ಕ ಮೇಲೆ ಕಾಲೇ ಬರಲಿಲ್ಲ, ಮಂಡಿಯ ಮೇಲೆ ಕೈಯೂರಿ ನಿಂತರು’ ಎಂಬಂತಹ ವಾಕ್ಯವೊಂದನ್ನು ಪ್ರಯತ್ನಿಸಿ ನೋಡಿ. ಇದರಲ್ಲಿ ‘ಕಷ್ಟ’ ಎಂಬ ಪದವೂ ಇಲ್ಲ, ‘ದುಃಖ’ ಎಂಬ ಪದವೂ ಇಲ್ಲ.

ಪ್ರಶ್ನೆ: ಎಡವು, ತೊಡರು, ಮುಗ್ಗರಿಸು, ತಡವರಿಸು, ತತ್ತರಿಸು, ತೂರಾಡು ಇವುಗಳನ್ನು ನಾವು ಸುದ್ದಿಮನೆಯಲ್ಲಿ ಒಂದರ ಬದಲು ಒಂದನ್ನು ಬಳಸುತ್ತಿದ್ದೇವೆ. ಹಾಗೆ ಬಳಸುವುದು ಸರಿಯೇ? (ಉಪಸಂಪಾದಕರು, ಹುಬ್ಬಳ್ಳಿ)

ಉತ್ತರ: ಸರಿಯಲ್ಲ. ಎಡವುವುದಕ್ಕೆ ಗಟ್ಟಿಯಾದ ವಸ್ತುವೊಂದು ಬೇಕು: ಕಲ್ಲು, ಬೇರು, ಹೊಸ್ತಿಲು. ಬೆರಳು ಅದಕ್ಕೆ ತಾಗುತ್ತದೆ. ಹಳೆಯ ಕಾವ್ಯಗಳಲ್ಲಿ ಇದರ ರೂಪ ‘ಎಡಹು’. ‘ಎಡವಿದ ಕಾಲೇ ಎಡವುವುದು’ ಎಂಬ ಗಾದೆ, ಪೆಟ್ಟಾದ ಬೆರಳಿಗೇ ಮತ್ತೆ ಪೆಟ್ಟಾಗುವ ಎಲ್ಲರ ಅನುಭವವನ್ನು ಹೇಳುತ್ತದೆ. ತೊಡರುವುದಕ್ಕೆ ಬೇಕಾದದ್ದು ಮೆತ್ತನೆಯ, ಸುತ್ತಿಕೊಳ್ಳುವ ವಸ್ತು: ಸೀರೆಯ ನಿರಿಗೆ, ಬಳ್ಳಿ, ದನದ ಹಗ್ಗ. ಮುಗ್ಗರಿಸುವುದು ಇವೆರಡರ ಪರಿಣಾಮ. ಎಡವಿದವರೆಲ್ಲ ಮುಗ್ಗರಿಸುವುದಿಲ್ಲ, ದೇಹ ಮುಂದಕ್ಕೆ ವಾಲಿ ಬೀಳುವಂತಾದಾಗ ಮಾತ್ರ ಆ ಪದ. ಮುಂಗಾಲು ಮಡಿಸಿ ಬೀಳುವ ಎತ್ತಿಗೂ ಕುದುರೆಗೂ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಹೀಗೆ ‘ಕಲ್ಲು ಎಡವಿ ಮುಗ್ಗರಿಸಿ ಬಿದ್ದ’ ಎಂಬ ವಾಕ್ಯದಲ್ಲಿ ಮೂರು ಕ್ರಿಯೆಗಳು ಮೂರು ಕ್ಷಣಗಳನ್ನು ಹೇಳುತ್ತವೆ. ಅದನ್ನು ದ್ವಿರುಕ್ತಿ ಎಂದು ಭಾವಿಸಿ ಕತ್ತರಿಸಬಾರದು.

ತಡವರಿಸುವುದರಲ್ಲಿ ಮುಂದಿನ ಹೆಜ್ಜೆಯ ಬಗೆಗಿನ ಅನುಮಾನ ಇರುತ್ತದೆ. ಕತ್ತಲಲ್ಲಿ ನಡೆಯುವವರು, ಉತ್ತರ ಗೊತ್ತಿಲ್ಲದ ವಿದ್ಯಾರ್ಥಿ, ಸುಳ್ಳು ಹೇಳುತ್ತಿರುವ ಸಾಕ್ಷಿ ತಡವರಿಸುತ್ತಾರೆ. ಈಗ ಅದು ನಡಿಗೆಗಿಂತ ಮಾತಿಗೇ ಹೆಚ್ಚು ಬಳಕೆಯಾಗುತ್ತಿದೆ, ಅದರಲ್ಲಿ ತಪ್ಪೇನೂ ಇಲ್ಲ. ತತ್ತರಿಸು ಎಂಬುದು ನಡುಕದ ಮಾತು. ದೊಡ್ಡ ಪೆಟ್ಟು ತಿಂದವರು ತತ್ತರಿಸುತ್ತಾರೆ, ಪ್ರವಾಹಕ್ಕೆ ಸಿಕ್ಕ ಊರೂ ತತ್ತರಿಸುತ್ತದೆ.

ತೂರಾಡು ಎಂಬ ಪದದ ವಿಷಯದಲ್ಲಿ ಮಾತ್ರ ನಿಮ್ಮ ಸುದ್ದಿಮನೆ ವಿಶೇಷವಾದ ಎಚ್ಚರ ವಹಿಸಬೇಕೆಂದು ಕೋರುತ್ತೇನೆ. ಆ ಪದ ಕುಡಿತದೊಂದಿಗೆ ಎಷ್ಟು ಗಟ್ಟಿಯಾಗಿ ಬೆಸೆದುಕೊಂಡಿದೆ ಎಂದರೆ, ‘ರಸ್ತೆಯಲ್ಲಿ ತೂರಾಡುತ್ತಿದ್ದ ವ್ಯಕ್ತಿ’ ಎಂದು ಬರೆದ ಮೇಲೆ ಅವನು ಕುಡಿದಿರಲಿಲ್ಲ ಎಂದು ಯಾರೂ ನಂಬುವುದಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಅಂಶ ಇದ್ದಕ್ಕಿದ್ದಂತೆ ಇಳಿದಾಗ ಅವರು ಬೆವರುತ್ತಾರೆ, ಮಾತು ತೊದಲುತ್ತದೆ, ನಡಿಗೆ ಹಿಡಿತಕ್ಕೆ ಸಿಗುವುದಿಲ್ಲ. ನೋಡುವವರ ಕಣ್ಣಿಗೆ ಅದು ಕುಡಿತದಂತೆಯೇ ಕಾಣುತ್ತದೆ. ಕಿರುಮೆದುಳಿನ ತೊಂದರೆ, ಒಳಕಿವಿಯ ತೊಂದರೆ ಇರುವವರಿಗೂ ಇದೇ ಆಪಾದನೆ ಬರುತ್ತದೆ. ಕಾರಣ ತಿಳಿಯದಿರುವಾಗ ‘ಜೋಲಿ ಹೊಡೆಯುತ್ತಾ’, ‘ಸಮತೋಲನ ತಪ್ಪಿ’ ಎಂದು ಬರೆಯುವುದು ಸುರಕ್ಷಿತವೂ ಹೌದು, ನ್ಯಾಯವೂ ಹೌದು.

ಪ್ರಶ್ನೆ: ನಾನು ಮಂಗಳೂರಿನವನು, ಕಲಬುರಗಿಯಲ್ಲಿ ವೈದ್ಯನಾಗಿ ಕೆಲಸ ಮಾಡುತ್ತಿದ್ದೇನೆ. ನಡೆಯುವುದಕ್ಕೆ ತೊಂದರೆ ಎಂದು ಬರುವ ಹಿರಿಯರ ಮಾತು ನನಗೆ ಎಷ್ಟೋ ಸಲ ಪೂರ್ತಿಯಾಗಿ ತಿಳಿಯುವುದಿಲ್ಲ. ನನ್ನ ಮಾತೂ ಅವರಿಗೆ ತಿಳಿಯುವುದಿಲ್ಲ. ಸಹಾಯ ಮಾಡುವಿರಾ? (ಓದುಗರು, ಕಲಬುರಗಿ)

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ತಮಗೆ ಕೃತಜ್ಞತೆ ಸಲ್ಲಬೇಕು, ಏಕೆಂದರೆ ಇಲ್ಲಿ ಪದದ ಆಯ್ಕೆ ತಪ್ಪಿದರೆ ಚಿಕಿತ್ಸೆಯ ದಾರಿಯೂ ತಪ್ಪಬಹುದು.

ಮೊದಲನೆಯದಾಗಿ ‘ನಡ್ಯಾಕ ಬರವಲ್ದು’ ಎಂಬ ಮಾತು. ಕರಾವಳಿಯ ಕಿವಿಗೆ ‘ಬರುವುದಿಲ್ಲ’ ಎಂದರೆ ಕಲಿತಿಲ್ಲ ಎಂಬ ಅರ್ಥ ಹೊಳೆಯುತ್ತದೆ. ಈಜಲು ಬರುವುದಿಲ್ಲ ಎಂಬಂತೆ. ಉತ್ತರ ಕರ್ನಾಟಕದಲ್ಲಿ ‘ಬರು’ ಎಂಬುದು ಸಾಧ್ಯತೆಯನ್ನೂ ಹೇಳುತ್ತದೆ. ನೀವು ‘ನಡೆಯಲಿಕ್ಕೆ ಆಗುವುದಿಲ್ಲ’ ಎನ್ನುವ ಕಡೆ ಅವರು ಹೀಗೆ ಹೇಳುತ್ತಾರೆ. ‘ಬ್ಯಾನಿ’ ಎಂದರೆ ಬೇನೆ, ನೋವು. ‘ಮಣಕಾಲ್ ಬ್ಯಾನಿ’ ಎಂದರೆ ಹಳೆಯ ಮೈಸೂರಿನ ಮಂಡಿ ನೋವು. ‘ಕಾಲ್ ಜಗ್ಗತಾವ್ರಿ’ ಎಂದರೆ ಕಾಲು ಸೆಳೆಯುತ್ತವೆ ಎಂದರ್ಥ. ಅದು ಸಾಮಾನ್ಯವಾಗಿ ಕೀಲಿನ ನೋವಲ್ಲ, ಸೊಂಟದಿಂದಲೋ ತೊಡೆಯಿಂದಲೋ ಇಳಿಯುವ ಎಳೆತ. ‘ಜೋಮು ಹಿಡಿದಿದೆ’, ‘ಜುಮುಜುಮು ಅಂತಾವ’ ಎಂದರೆ ಸ್ಪರ್ಶಕ್ಕೆ ಸಂಬಂಧಿಸಿದ್ದು, ನೋವಿಗೆ ಸಂಬಂಧಿಸಿದ್ದಲ್ಲ. ‘ಹಿಡಕೊಂಡದ’ ಎಂದರೆ ಬಿಗಿತ. ‘ಕಾಲಾಗ ಶಕ್ತಿ ಇಲ್ಲ’ ಎಂದಾಗ ಮಾತ್ರ ಅದು ನಿಜವಾದ ಬಲಹೀನತೆ ಇರಬಹುದು; ಆದರೂ ದಣಿವನ್ನು ಹೇಳಲೂ ಜನ ಇದೇ ಮಾತನ್ನು ಬಳಸುವುದರಿಂದ ಒಂದು ಕಾಲೋ ಎರಡೂ ಕಾಲೋ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಎರಡನೆಯದಾಗಿ, ‘ನಡೆಯಲು ಎಷ್ಟು ಕಷ್ಟ?’ ಎಂಬ ಪ್ರಶ್ನೆಗೆ ‘ಭಾಳ ತ್ರಾಸ್ರಿ’ ಎಂಬ ಉತ್ತರವಲ್ಲದೆ ಬೇರೇನೂ ಬರಲಾರದು. ಮನೆಯೊಳಗಿನ ಕೆಲಸಗಳ ಮೂಲಕ ಕೇಳಿದರೆ ಉತ್ತರ ತಾನಾಗಿ ಸ್ಪಷ್ಟವಾಗುತ್ತದೆ. ನೆಲದ ಮೇಲಿಂದ ಏಳುವಾಗಲೋ, ಮೆಟ್ಟಿಲು ಇಳಿಯುವಾಗಲೋ ನೋವು ಹೆಚ್ಚಾದರೆ ಮಂಡಿಯ ಸವೆತ ನೆನಪಾಗಬೇಕು. ಚಕ್ಕಳಮಕ್ಕಳ ಹಾಕಿ ಕೂರುವುದೇ ಸಾಧ್ಯವಿಲ್ಲವೆಂದರೆ ಸೊಂಟದ ಕೀಲಿನ ಕಡೆ ಗಮನ ಹೋಗಬೇಕು. ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿಹೋದದ್ದೇ ತಿಳಿಯಲಿಲ್ಲ, ಹತ್ತಿಯ ಮೇಲೆ ನಡೆದಂತಾಗುತ್ತದೆ ಎಂದು ಹೇಳುವವರ ನರಗಳನ್ನು ಸಕ್ಕರೆ ಕಾಯಿಲೆ ಹಾಳುಮಾಡಿರುವ ಸಾಧ್ಯತೆ ಇದೆ. ‘ಸ್ವಲ್ಪ ದೂರ ಹೋದರೆ ಮೀನಖಂಡ ಹಿಡಿಯುತ್ತದೆ, ನಿಂತು ನಿಂತು ನಡೆಯಬೇಕು’ ಎನ್ನುವವರಲ್ಲಿ ಇನ್ನೊಂದು ಪ್ರಶ್ನೆ ಮುಖ್ಯ: ಬರೀ ನಿಂತರೆ ಸಾಕೇ, ಕೂರಲೇಬೇಕೇ? ರಕ್ತನಾಳ ಕಿರಿದಾದವರಿಗೆ ನಿಂತರೆ ಸಾಕಾಗುತ್ತದೆ. ಬೆನ್ನುಹುರಿಯ ದಾರಿ ಕಿರಿದಾದವರಿಗೆ ಕುಳಿತರೆ, ಇಲ್ಲವೇ ಮುಂದಕ್ಕೆ ಬಾಗಿದರೆ ಮಾತ್ರ ಆರಾಮ. ಈ ವ್ಯತ್ಯಾಸ ತಮಗೆ ತಿಳಿದದ್ದೇ; ಆದರೆ ಅದನ್ನು ಕನ್ನಡದಲ್ಲಿ ಹೊರತರಲು ‘ನಿಂತು ನಿಂತು’, ‘ಕೂತು ಕೂತು’ ಎಂಬ ಈ ದ್ವಿರುಕ್ತಿಗಳೇ ಸಾಕು. ಲಕ್ವಾ ಹೊಡೆದವರ ಮನೆಯವರು ಕಾಲನ್ನು ‘ಬೀಸಿ ಇಡುತ್ತಾರೆ’ ಎಂದು ಹೇಳುವುದನ್ನೂ, ಪಾರ್ಕಿನ್ಸನ್ ಕಾಯಿಲೆಯವರು ಬಾಗಿಲಲ್ಲಿ ‘ಕಾಲು ನೆಲಕ್ಕೆ ಅಂಟಿಕೊಂಡಿತು’ ಎಂದು ಹೇಳುವುದನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ.

ಜನರ ನೋವಿನ ಮಾತೇ ಕಾಯಿಲೆಯ ಹೆಸರಾದ ಉದಾಹರಣೆಯೂ ಇದೆ. 1952ರ ಸುಮಾರಿಗೆ ಇಂದಿನ ಟಾಂಜಾನಿಯಾದ ದಕ್ಷಿಣದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಕಾಣಿಸಿಕೊಂಡ ಜ್ವರಕ್ಕೆ ಅಲ್ಲಿನವರು ತಮ್ಮ ನುಡಿಯಲ್ಲಿ ಬಾಗಿಸುವ, ಮುರುಟಿಸುವ ಕಾಯಿಲೆ ಎಂಬ ಅರ್ಥದ ಹೆಸರಿಟ್ಟರು, ಅದೇ ಚಿಕೂನ್‌ಗುನ್ಯಾ. 2006ರಲ್ಲಿ ಅದು ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿದಾಗ ಹೆಸರಿನ ಸದ್ದನ್ನು ಕೇಳಿ ಕೋಳಿ ಮಾಂಸದಿಂದ ಬರುವ ಜ್ವರವೆಂದು ಎಷ್ಟೋ ಜನ ಭಾವಿಸಿದ್ದರು. ಕೀಲುಗಳು ಹಿಡಿದು ಬಾಗಿಹೋಗಿದ್ದ ನಮ್ಮ ಹಿರಿಯರ ನಡಿಗೆಗೆ ಮಕೊಂಡೆ ಜನರ ಆ ಹೆಸರು ಅಕ್ಷರಶಃ ಒಪ್ಪುತ್ತಿತ್ತು. ಊರಿನ ಹೆಸರನ್ನೇ ಹೊತ್ತ ನಮ್ಮದೇ ಕಾಯಿಲೆಯೂ ಒಂದಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಗಮನಕ್ಕೆ ಬಂದ, ವಂಶಪಾರಂಪರ್ಯವಾಗಿ ಬರುವ ಹಂದಿಗೋಡು ಕಾಯಿಲೆಯಲ್ಲಿ ಸೊಂಟದ ಕೀಲುಗಳು ಹಾಳಾಗುತ್ತಾ ಹೋಗಿ ಮನುಷ್ಯರು ನೆಟ್ಟಗೆ ನಿಲ್ಲಲಾರದ ಸ್ಥಿತಿಗೆ ಬರುತ್ತಾರೆ. ತಮ್ಮ ಊರಿನ ಹೆಸರು ಕಾಯಿಲೆಗೆ ಅಂಟಿಕೊಂಡಿರುವುದು ಅಲ್ಲಿನವರಿಗೆ ಎಷ್ಟು ಭಾರವಾಗಿರಬಹುದು ಎಂಬುದನ್ನೂ ನಾವು ಯೋಚಿಸಬೇಕು.

ರೋಗಿಗಳಿಗೆ ತಾವು ಹೇಳಬೇಕಾದ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಬಲ ಮಂಡಿ ನೋಯುವವರು ಊರುಗೋಲನ್ನು ಬಲಗೈಯಲ್ಲೇ ಹಿಡಿಯುವುದು ಸಾಮಾನ್ಯ. ಎಡಗೈಯಲ್ಲಿ ಹಿಡಿದು ಬಲಗಾಲಿನ ಜೊತೆಯಲ್ಲೇ ಕೋಲನ್ನು ಮುಂದಿಟ್ಟರೆ ನೋಯುವ ಕೀಲಿನ ಮೇಲಿನ ಭಾರ ಇಳಿಯುತ್ತದೆ. ‘ಬ್ಯಾನಿ ಇರೋ ಕಾಲಿನ ಎದುರು ಕೈಯಾಗ ಕೋಲು ಹಿಡೀರಿ’ ಎಂದರೆ ಕಲಬುರಗಿಯ ಅಜ್ಜಿಗೂ ಅರ್ಥವಾಗುತ್ತದೆ.

ಪ್ರಶ್ನೆ: ನಾನು ಶಿಕ್ಷಕ. ಬಾಲ್ಯದಲ್ಲಿ ಪೋಲಿಯೊ ಬಂದು ಎಡಗಾಲಿನ ಬಲ ಕಡಿಮೆಯಾಗಿದೆ. ‘ಕುಂಟ’ ಎಂಬ ಪದವನ್ನು ಕೇಳುತ್ತಲೇ ಬೆಳೆದೆ. ಇಂದಿಗೂ ‘ಕುಂಟು ನೆಪ’, ‘ಕುಂಟುತ್ತಾ ಸಾಗಿದ ಕಾಮಗಾರಿ’ ಎಂದು ಓದಿದಾಗ ಮನಸ್ಸಿಗೆ ಹಿಂಸೆಯಾಗುತ್ತದೆ. ಇವು ಶುದ್ಧ ಕನ್ನಡದ ಮಾತುಗಳು, ಬಿಡಬಾರದು ಎಂದು ಸ್ನೇಹಿತರು ವಾದಿಸುತ್ತಾರೆ. ತಮ್ಮ ಅಭಿಪ್ರಾಯವೇನು? (ಓದುಗರು, ದಾವಣಗೆರೆ)

ಉತ್ತರ: ಗುರುಗಳೇ, ತಮ್ಮ ಸ್ನೇಹಿತರು ಹೇಳುವಂತೆ ಇವು ಕನ್ನಡದ ಹಳೆಯ ಮಾತುಗಳೇ. ಆದರೆ ಒಂದು ಪದ ಹಳೆಯದು ಎಂಬುದು ಅದನ್ನು ಮನುಷ್ಯರ ಮೇಲೆ ಬಳಸುವುದಕ್ಕೆ ಪರವಾನಗಿಯಾಗುವುದಿಲ್ಲ.

ಇಲ್ಲಿ ಕ್ರಿಯಾಪದವನ್ನೂ ನಾಮಪದವನ್ನೂ ಬೇರೆಯಾಗಿಯೇ ನೋಡಬೇಕು. ‘ಆಟದಲ್ಲಿ ಕಾಲು ಉಳುಕಿ ಕುಂಟುತ್ತಿದ್ದಾನೆ’ ಎಂಬ ವಾಕ್ಯ ಇಂದಿನ ಒಂದು ಸ್ಥಿತಿಯನ್ನು ಹೇಳುತ್ತದೆ. ‘ಕುಂಟ’ ಎಂಬ ಪದ ಆ ಸ್ಥಿತಿಯನ್ನೇ ಮನುಷ್ಯನ ಹೆಸರಾಗಿ ಮಾಡುತ್ತದೆ, ಅವನ ಉಳಿದೆಲ್ಲ ಗುಣಗಳನ್ನೂ ಅಳಿಸುತ್ತದೆ. ಮೊದಲನೆಯದನ್ನು ಉಳಿಸಿಕೊಳ್ಳಬೇಕು, ಎರಡನೆಯದನ್ನು ಬಿಡಬೇಕು. ಮಕ್ಕಳ ಕುಂಟಾಬಿಲ್ಲೆ ಆಟದ ಹೆಸರಿನಲ್ಲಿ ಯಾರನ್ನೂ ನೋಯಿಸುವ ಅಂಶವಿಲ್ಲವಾದ್ದರಿಂದ ಅದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

‘ಹೆಳವ’ ಎಂಬ ಇನ್ನೊಂದು ಹಳೆಯ ಪದದ ಚರಿತ್ರೆ ಹೆಚ್ಚು ಗಂಭೀರವಾದುದು. ‘ಅತ್ತಲಿತ್ತ ಹೋಗದಂತೆ ಹೆಳವನ ಮಾಡಯ್ಯಾ ತಂದೆ’ ಎಂದು ಬಸವಣ್ಣನವರು ಕೇಳಿಕೊಳ್ಳುವಾಗ ಆ ಪದದಲ್ಲಿ ಹೀಯಾಳಿಕೆ ಇಲ್ಲ. ತನಗಾಗಿ ಬೇಡಿಕೊಂಡ ಸ್ಥಿತಿ ಅದು. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಊರೂರು ಸುತ್ತಿ ಮನೆತನಗಳ ವಂಶಾವಳಿಯನ್ನು ಹೇಳುತ್ತಾ ಬಂದ ಸಮುದಾಯದ ಹೆಸರೂ ಹೆಳವರು. ಅವರು ತಲೆಮಾರುಗಳ ಹೆಸರುಗಳನ್ನು ಕಾಪಾಡಿಕೊಂಡು ಬಂದ ವಿದ್ವತ್ತಿನ ಜನ. ಹರಿದಾಸ ಪರಂಪರೆಯ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮನವರ ಹೆಸರಿನಲ್ಲೂ ಈ ಪದ ಗೌರವದಿಂದಲೇ ಉಳಿದಿದೆ.

ಸರ್ಕಾರಿ ಬರವಣಿಗೆಯಲ್ಲಿ ‘ಅಂಗವಿಕಲ’ ಎಂಬುದರ ಜಾಗಕ್ಕೆ ‘ವಿಕಲಚೇತನ’ ಬಂದಿದೆ. ಕರ್ನಾಟಕದ ಇಲಾಖೆಯ ಹೆಸರಿನಲ್ಲೂ ಅದೇ ಇದೆ. ಆ ಪದ ನನಗೆ ಒಪ್ಪಿಗೆಯಾಗುವುದಿಲ್ಲ. ಅಂಗದಲ್ಲಿ ಮಾತ್ರ ಇದ್ದ ಕೊರತೆಯನ್ನು ಅದು ಚೇತನಕ್ಕೇ ಹೊರಿಸಿಬಿಡುತ್ತದೆ. 2015ರ ಕೊನೆಯಲ್ಲಿ ಬಳಕೆಗೆ ಬಂದ ‘ದಿವ್ಯಾಂಗ’ ಎಂಬ ಪದವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವೈಕಲ್ಯವುಳ್ಳವರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಚಲನೆಗೆ ಸಂಬಂಧಿಸಿದ್ದು ಅವುಗಳಲ್ಲಿ ಒಂದು. ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ನೀಡಿದ ತೀರ್ಪಿನಲ್ಲಿ ಸಿನಿಮಾಗಳಲ್ಲಿ ಅಂಗವೈಕಲ್ಯವುಳ್ಳವರ ಚಿತ್ರಣ ಹೇಗಿರಬೇಕೆಂಬುದಕ್ಕೆ ಮಾರ್ಗಸೂಚಿಗಳನ್ನು ಕೊಟ್ಟು, ಹೀಯಾಳಿಸುವ ಪದಗಳು ಸಮಾಜದ ದೃಷ್ಟಿಯಲ್ಲಿ ಅವರ ಘನತೆಯನ್ನು ಕುಗ್ಗಿಸುತ್ತವೆ ಎಂಬುದನ್ನು ಸ್ಪಷ್ಟಪಡಿಸಿತು. ದಿನನಿತ್ಯದ ಬರವಣಿಗೆಯಲ್ಲಿ ನಾನು ‘ಕಾಲಿಗೆ ಪೋಲಿಯೊ ಆಗಿರುವ ಶಿಕ್ಷಕರು’, ‘ಗಾಲಿಕುರ್ಚಿ ಬಳಸುವ ವಿದ್ಯಾರ್ಥಿನಿ’ ಎಂದು ಇದ್ದುದನ್ನು ಇದ್ದಂತೆ ಹೇಳುವುದನ್ನೇ ಮೆಚ್ಚುತ್ತೇನೆ. ಪ್ರಸ್ತಾಪವೇ ಅನಗತ್ಯವಾದ ಕಡೆ ಅದನ್ನೂ ಹೇಳಬೇಕಾಗಿಲ್ಲ.

ಇನ್ನು ರೂಪಕಗಳು. ‘ಕುಂಟು ನೆಪ’ ಎನ್ನುವ ಕಡೆ ‘ಪೊಳ್ಳು ನೆಪ’, ‘ಹುರುಳಿಲ್ಲದ ನೆಪ’ ಎಂದರೆ ಅರ್ಥ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಕಾಮಗಾರಿ ನಿಂತಿದ್ದರೆ ‘ನನೆಗುದಿಗೆ ಬಿದ್ದಿದೆ’ ಎಂಬ ಸೊಗಸಾದ ಕನ್ನಡ ನುಡಿಗಟ್ಟಿದೆ, ನಿಧಾನವಾಗಿದ್ದರೆ ‘ಆಮೆಗತಿ’ ಇದೆ. ಇವೆಲ್ಲಕ್ಕಿಂತ ಉತ್ತಮವಾದದ್ದು, ಸೇತುವೆಯ ಎಷ್ಟು ಕಂಬಗಳು ಎದ್ದಿವೆ, ಹಣ ಎಲ್ಲಿ ನಿಂತಿದೆ ಎಂದು ಬರೆಯುವುದು. ಕುಂಟುವ ಮನುಷ್ಯರು ಸಾಮಾನ್ಯವಾಗಿ ತಾವು ಹೊರಟ ಜಾಗವನ್ನು ತಲುಪುತ್ತಾರೆ. ವರ್ಷಗಟ್ಟಲೆ ಮುಗಿಯದ ಕಾಮಗಾರಿಗೆ ಅವರ ನಡಿಗೆಯನ್ನು ಹೋಲಿಸುವುದು ಅವರಿಗೆ ಮಾಡುವ ಅನ್ಯಾಯ.

ಭಾರತದಲ್ಲಿ ವನ್ಯ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ತಮ್ಮ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಆ ಕಾಯಿಲೆಯನ್ನು ಕಂಡಿರಲಾರರು. ಆದ್ದರಿಂದ ಈ ಪದದ ಹಿಂದಿನ ನೋವು ಅವರಿಗೆ ತಾನಾಗಿ ತಿಳಿಯುವುದಿಲ್ಲ, ಹೇಳಿಕೊಡಬೇಕಾಗುತ್ತದೆ.

ಪ್ರಶ್ನೆ: ಮಗು ನಡೆಯಲು ಕಲಿಯುವ ಹಂತಗಳಿಗೆ ಕನ್ನಡದಲ್ಲಿ ಯಾವ ಯಾವ ಪದಗಳಿವೆ? ನನ್ನ ಮೊಮ್ಮಗಳು ಅಂಬೆಗಾಲು ಇಡದೆ ಕೂತಲ್ಲಿಂದಲೇ ಸರಿದಾಡುತ್ತಾಳೆ. (ಓದುಗರು, ಮೈಸೂರು)

ಉತ್ತರ: ಹೊಟ್ಟೆ ಎಳೆಯುವುದು ತೆವಳುವುದು, ಕೈ ಮತ್ತು ಮಂಡಿಗಳ ಮೇಲೆ ಹೋಗುವುದು ಅಂಬೆಗಾಲು, ಹಿಡಿದು ನಿಂತು ಇಡುವ ಅಳುಕಿನ ಹೆಜ್ಜೆ ತಪ್ಪಡಿ. ಹಳೆಯ ಕಾವ್ಯಗಳಲ್ಲಿ ಮಗುವಿನ ಈ ನಡಿಗೆಗೆ ‘ತಳರ್ನಡೆ’ ಎಂಬ ಹೆಸರಿದೆ, ತಮಿಳಿನಲ್ಲಿ ‘ತಳರ್ನಡೈ’. ಅಂಬೆಗಾಲು, ತುದಿಗಾಲು, ದಾಪುಗಾಲು, ಮರಗಾಲು ಇವೆಲ್ಲದರಲ್ಲೂ ‘ಕಾಲು’ ಎಂಬುದು ‘ಗಾಲು’ ಆಗಿರುವುದು ಆದೇಶ ಸಂಧಿಯಿಂದ. ನಿಮ್ಮ ಮೊಮ್ಮಗಳು ಮಾಡುತ್ತಿರುವುದು ಮೊದಲನೆಯ ಉತ್ತರದಲ್ಲಿ ಹೇಳಿದ ‘ದೇಕುವುದು’. ಕೆಲವು ಮಕ್ಕಳು ಅಂಬೆಗಾಲಿನ ಹಂತವನ್ನೇ ಬಿಟ್ಟು ಹೀಗೆ ದೇಕುತ್ತವೆ, ಅಂಥವು ನಡೆಯುವುದು ಸ್ವಲ್ಪ ತಡವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯುವುದು ಸುಮಾರು 8ರಿಂದ 18 ತಿಂಗಳ ನಡುವೆ. ಹದಿನೆಂಟು ತಿಂಗಳು ತುಂಬಿದ ಮೇಲೂ ನಡೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಶನಿಗೆ ‘ಮಂದ’, ‘ಪಂಗು’ ಎಂಬ ಹೆಸರುಗಳು ಏಕೆ ಬಂದವು? ‘ಶನೈಶ್ಚರ’, ‘ಶನೇಶ್ವರ’ ಇವುಗಳಲ್ಲಿ ಯಾವುದು ಸರಿ? (ಓದುಗರು, ಚಿತ್ರದುರ್ಗ)

ಉತ್ತರ: ಮೂಲ ರೂಪ ‘ಶನೈಶ್ಚರ’. ‘ಶನೈಃ’ ಎಂದರೆ ಮೆಲ್ಲಗೆ, ‘ಚರ’ ಎಂದರೆ ಚಲಿಸುವವನು. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಗ್ರಹಗಳಲ್ಲಿ ಅತ್ಯಂತ ದೂರದ್ದು ಶನಿ. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ಸುಮಾರು 29.5 ವರ್ಷ ಬೇಕು. ಆದ್ದರಿಂದ ಒಂದೊಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತದೆ, ಮೂರು ರಾಶಿಗಳ ಸಾಡೇಸಾತಿಗೆ ಏಳೂವರೆ ವರ್ಷ ಬರುವುದೂ ಇದೇ ಲೆಕ್ಕದಿಂದ. ಆಕಾಶವನ್ನು ವರ್ಷಗಟ್ಟಲೆ ಗಮನಿಸಿದವರು ಈ ನಿಧಾನವನ್ನು ಕಂಡು ‘ಮಂದ’ ಎಂದರು. ಪುರಾಣ ಅದೇ ನಿಧಾನಕ್ಕೆ ಕಾಲಿನ ಊನವೊಂದನ್ನು ಕಾರಣವಾಗಿ ಕೊಟ್ಟು ‘ಪಂಗು’ ಎಂದಿತು. ‘ಈಶ್ವರ’ ಎಂಬ ಪದದ ಸೆಳೆತದಿಂದ ‘ಶನೇಶ್ವರ’ ಎಂಬ ರೂಪ ಹುಟ್ಟಿಕೊಂಡಿದೆ. ದೇವಸ್ಥಾನಗಳ ಹೆಸರುಗಳಲ್ಲಿ ಅದು ನೆಲೆನಿಂತಿರುವುದರಿಂದ ಅಲ್ಲಿ ಹಾಗೆಯೇ ಬರೆಯಬಹುದು; ಗ್ರಹದ ಹೆಸರಾಗಿ ಬರೆಯುವಾಗ ‘ಶನೈಶ್ಚರ’ ಎಂಬುದನ್ನೇ ಉಳಿಸಿಕೊಳ್ಳಿ.